ಕುದಿಸದ ನೂಲು

ಫೆಬ್ರವರಿ 4, ಮಂಗಳವಾರ. ಸಂಜೆ 6

ಇವತ್ತು ಆರುನೂರ ನಲವತ್ತು ಶೀಟು. ಇಸ್ತ್ರಿ ರೋಲರ್ ಎರಡು ಸಲ ಕೈಕೊಟ್ಟಿತು. ಆಪರೇಷನ್ ಥಿಯೇಟರಿನವರು ಹನ್ನೊಂದಕ್ಕೆ ಕೇಳಿದ್ದನ್ನು ಹತ್ತೂವರೆಗೇ ಕಳಿಸಿದೆ. ಕಾಗದದ ಕೆಳಗೆ ಸಹಿ ಮಾತ್ರ ಅವನದು. ಸೂಪರ್‌ವೈಸರ್.

ಹೆಸರು ಬರೆಯುವುದಿಲ್ಲ. ಈ ಪುಸ್ತಕದಲ್ಲಿ ಅವನು ಬಿಳಿ ಶೂ. ಆಸ್ಪತ್ರೆಯ ಲಾಂಡ್ರಿ, ಬೆಳಗಿನಿಂದ ಸಂಜೆವರೆಗೆ ಸೋಪಿನ ನೀರು ಹರಿಯುವ ನೆಲ... ಅಲ್ಲಿ ಬಿಳಿ ಶೂ ಹಾಕಿಕೊಂಡು ಒಂದು ಚುಕ್ಕೆ ಕೊಳೆಯಾಗದೆ ಮನೆಗೆ ಹೋಗುವವನು ಎಷ್ಟು ಕೆಲಸ ಮಾಡುತ್ತಾನೆ ಅಂತ ಬೇರೆ ಹೇಳಬೇಕೆ.

ಒಂಬತ್ತು ವರ್ಷದ ಹಿಂದೆ ಬಂದಾಗ ಅವನಿಗೆ ಶೀಟಿನ ಉದ್ದ ಯಾವ ಕಡೆ, ಅಗಲ ಯಾವ ಕಡೆ ಗೊತ್ತಿರಲಿಲ್ಲ. ಕೈ ಹಿಡಿದು ಕಲಿಸಿದವಳು ನಾನು. ‘ಅಕ್ಕ, ಅಕ್ಕ’ ಅಂತ ಹಿಂದೆ ಹಿಂದೆ ಸುತ್ತುತ್ತಿದ್ದ. ನನ್ನ ಡಬ್ಬಿಯಲ್ಲಿ ಅರ್ಧ ಅವನೇ ತಿನ್ನುತ್ತಿದ್ದ.

ಮೂಲೆ ಹೊಲಿಗೆ ನನ್ನದು. ಯಾವ ಶೀಟು ಯಾವ ವಾರ್ಡಿನದು ಅಂತ ಶಾಯಿಯಲ್ಲಿ ಒತ್ತಿದ್ದು ನಾಲ್ಕು ತೊಳೆತಕ್ಕೆ ಅಳಿಸಿ ಹೋಗುತ್ತಿತ್ತು. ಹುಡುಕಿ ಹುಡುಕಿ ಕಣ್ಣು ಹೋಗುತ್ತಿತ್ತು. ಮೂಲೆಯಲ್ಲಿ ಬಣ್ಣದ ನೂಲಿನಿಂದ ಸಣ್ಣ ಗುರುತು ಹೊಲಿದು, ಮಡಿಸಿದಾಗ ಆ ಮೂಲೆಯೇ ಮೇಲೆ ಬರುವ ಹಾಗೆ ಮಾಡಿದರೆ? ಮಕ್ಕಳ ವಾರ್ಡಿಗೆ ನೀಲಿ, ಹೆರಿಗೆಗೆ ಹಳದಿ, ಥಿಯೇಟರಿಗೆ ಕೆಂಪು. ಮನೆಯಲ್ಲಿ ಕೂತು ಇನ್ನೂರು ಶೀಟು ಕೈಯಿಂದ ಹೊಲಿದೆ. ಎರಡು ತಿಂಗಳು. ಬೆರಳ ತುದಿ ಜರಡಿಯಾಗಿತ್ತು. ಅವನು ಆ ಶೀಟುಗಳ ಫೋಟೋ ತೆಗೆದು, ಚಂದ ಮಾಡಿ ಕಂಪ್ಯೂಟರಿನಲ್ಲಿ ಬರೆದು, ಮ್ಯಾನೇಜರಿಗೆ ತೋರಿಸಿದ. ‘ನನ್ನ ಯೋಚನೆ ಸಾರ್.’ ನಾಲ್ಕು ತಿಂಗಳಿಗೆ ಕುರ್ಚಿ, ಗಾಜಿನ ಕೋಣೆ.

ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅಳುತ್ತಿದ್ದೆ, ಅದಕ್ಕೆ.

ಈ ಪುಸ್ತಕ ಇವತ್ತು ಸಿಕ್ಕಿತು. ಹತ್ತು ವರ್ಷ ಮೀರಿದವರಿಗೆಲ್ಲ ಎರಡು ದಿನ, ಮಧ್ಯಾಹ್ನದ ಮೇಲೆ ತರಬೇತಿ — ಕೆಲಸದ ಜಾಗದಲ್ಲಿ ನಾಯಕತ್ವ. ನನಗೆ ಹತ್ತೊಂಬತ್ತು ವರ್ಷ. ಕಲಿಸಲು ಬಂದವರು ಆ ಸೆಕೆಗೂ ಟೈ ಕಟ್ಟಿಕೊಂಡಿದ್ದರು. ‘ದಿನಾ ಬರೀರಿ, ಯಾರಿಗೂ ತೋರಿಸ್ಬೇಡಿ’ ಅಂದರು. ತೋರಿಸುವ ಹಾಗೆ ಬರೆಯುವ ಉದ್ದೇಶ ನನಗೂ ಇಲ್ಲ.

ಫೆಬ್ರವರಿ 5, ಬುಧವಾರ. ಸಂಜೆ

ಟೈ ಮೇಷ್ಟ್ರು ಐದು ಅಭ್ಯಾಸ ಹೇಳಿದರು. ಎಲ್ಲರಿಗಿಂತ ಹತ್ತು ನಿಮಿಷ ಮೊದಲು ಬಂದು ಜಾಗ ನೋಡಿ. ಹೇಳುವ ಮೊದಲು ಕೇಳಿ. ಯಾರ ಕೆಲಸವೋ ಅವರ ಹೆಸರನ್ನು ನಾಲ್ಕು ಜನರ ಮುಂದೆ ಹೇಳಿ. ನಾಲ್ಕನೆಯದು ಹೇಳುವಾಗ ಆಕಳಿಸುತ್ತಿದ್ದೆ. ಕೊನೆಯದು — ಕೆಟ್ಟ ಸುದ್ದಿಯನ್ನು ಅವತ್ತೇ ಹೇಳಿ, ನೀವೇ ಮೊದಲು ಹೇಳಿ.

ಬಾಯ್ಲರ್ ತಾತ ಕೈ ಎತ್ತಿದ. ‘ಇಷ್ಟೆಲ್ಲ ಮಾಡಿದ್ರೆ ಸೂಪರ್‌ವೈಸರ್ ಆಗ್ತೀವಾ ಸಾರ್?’

‘ಕುರ್ಚಿ ಇಲ್ದೇನೂ ನಾಯಕರಾಗಬಹುದು’ ಅಂದರು ಮೇಷ್ಟ್ರು.

‘ಹಂಗಾದ್ರೆ ಕೂತ್ಕೊಳ್ಳೋದು ಎಲ್ಲಿ?’ ಅಂದ ತಾತ. ಎಲ್ಲರೂ ನಕ್ಕರು.

ನಾನು ನಗಲಿಲ್ಲ. ಕುರ್ಚಿಯಿಲ್ಲದೆ ಜನ ನನ್ನ ಹಿಂದೆ ಬಂದರೆ, ಕುರ್ಚಿಯಲ್ಲಿ ಕೂತವನ ಗತಿ ಏನು? ಹಿಂದೆ ಯಾರೂ ಇಲ್ಲದ ಸೂಪರ್‌ವೈಸರ್. ಗಾಜಿನ ಕೋಣೆಯಲ್ಲಿ ಒಬ್ಬನೇ. ಎಲ್ಲರಿಗೂ ಕಾಣುವ ಹಾಗೆ.

ಮೇಷ್ಟ್ರಿಗೆ ಗೊತ್ತಿಲ್ಲ, ನನ್ನ ಕೈಗೆ ಏನು ಕೊಟ್ಟು ಹೋದರು ಅಂತ.

ಫೆಬ್ರವರಿ 10, ಸೋಮವಾರ. ಸಂಜೆ

ಮೊದಲ ಅಭ್ಯಾಸ ಶುರು. ಏಳಕ್ಕೆ ಶಿಫ್ಟು, ಆರೂ ಮುಕ್ಕಾಲಿಗೆ ಬಂದೆ.

ನಮ್ಮವರು ಬಾಗಿಲಲ್ಲಿ ಕೇಳಿದರು, ‘ಇಷ್ಟು ಬೇಗ ಹೋಗಿ ಯಾರನ್ನ ಉದ್ಧಾರ ಮಾಡ್ತೀಯಾ?’

‘ಒಬ್ಬನನ್ನ’ ಅಂದೆ. ಅರ್ಥವಾಗಲಿಲ್ಲ ಪಾಪ. ಒಳ್ಳೆಯದು.

ಖಾಲಿ ಲಾಂಡ್ರಿ ನೋಡಿದ್ದೇ ಇಲ್ಲ ಇಷ್ಟು ವರ್ಷ. ಮಧ್ಯದ ಗೋಡೆ, ಆ ಕಡೆ ಕೊಳೆ ಬಟ್ಟೆ, ಈ ಕಡೆ ತೊಳೆದದ್ದು. ಗೋಡೆಯಲ್ಲಿ ಕೂತ ಆರು ಮಷಿನ್. ಆ ಕಡೆ ಬಾಗಿಲಿನಿಂದ ತುಂಬುವುದು, ಈ ಕಡೆ ಬಾಗಿಲಿನಿಂದ ತೆಗೆಯುವುದು. ಮೂರು ತಳ್ಳುಗಾಡಿಯ ಚಕ್ರದಲ್ಲಿ ದಾರ ಸುತ್ತಿಕೊಂಡಿತ್ತು, ಬಿಡಿಸಿದೆ. ಮಡಿಸುವ ಮೇಜಿನ ದೀಪ ಮಿಣಮಿಣ ಅನ್ನುತ್ತಿತ್ತು, ಎಲೆಕ್ಟ್ರಿಷಿಯನ್‌ಗೆ ಚೀಟಿ ಬರೆದೆ. ಜನ ಬರುವಷ್ಟರಲ್ಲಿ ಎಲ್ಲ ಸಿದ್ಧ.

‘ಏನಕ್ಕ, ಗಾಡಿ ಇವತ್ತು ಹೂವಿನ ಹಾಗೆ ಓಡ್ತಿದೆ’ ಅಂದಳು ಮಡಿಸುವವಳೊಬ್ಬಳು.

ಬಿಳಿ ಶೂ ಬಂದದ್ದು ಏಳೂ ಕಾಲಿಗೆ.

ಫೆಬ್ರವರಿ 17, ಸೋಮವಾರ

ಎರಡನೆಯದು, ಕೇಳುವುದು. ಇದು ಕಷ್ಟ. ನನ್ನ ನಾಲಿಗೆ ಹುಟ್ಟಿದ್ದೇ ಹೇಳುವುದಕ್ಕೆ. ಅತ್ತೆ ದಿನಾ ಅನ್ನುವುದು ಅದನ್ನೇ.

ಮಷಿನ್ ನಡೆಸುವವಳನ್ನು ನಾವೆಲ್ಲ ರೇಡಿಯೋ ಅನ್ನುತ್ತೇವೆ. ಬಾಯಿ ನಿಲ್ಲುವುದಿಲ್ಲ. ಗಂಡನಿಲ್ಲ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಆರು ವರ್ಷದಿಂದ ಕಾಂಟ್ರ್ಯಾಕ್ಟ್. ಬರುವ ಮಾರ್ಚ್ 31ಕ್ಕೆ ಪರ್ಮನೆಂಟ್ ಮಾಡುತ್ತಾರಂತೆ, ಅದನ್ನೇ ದಿನಕ್ಕೆ ಹತ್ತು ಸಲ ಹೇಳುತ್ತಾಳೆ. ಇಷ್ಟು ದಿನ ನಾನು ಅವಳ ಮಾತಿಗೆ ಕಿವಿ ಕೊಟ್ಟವಳೇ ಅಲ್ಲ.

ಇವತ್ತು ಕೇಳಿದೆ. ‘ದೊಡ್ಡ ಶೀಟು ಮಷಿನ್‌ನಿಂದ ಹಗ್ಗದ ಹಾಗೆ ಹೊಸೆದುಕೊಂಡು ಬರುತ್ತಲ್ಲ, ಏನು ಮಾಡೋಣ ಅಂತೀಯಾ?’

ಮಾತು ನಿಲ್ಲಿಸಿ ನನ್ನ ಮುಖ ನೋಡಿದಳು. ‘ನನ್ನನ್ನಾ ಕೇಳ್ತಿರೋದು?’

‘ಮತ್ತೆ ಮಷಿನ್‌ನ ಕೇಳ್ಲಾ?’

‘ಒಂದೇ ಸಲ ತುರುಕ್ತಾರಲ್ಲ, ಅದಕ್ಕೇ ಅಕ್ಕ. ಒಂದು ದೊಡ್ಡದು, ಎರಡು ದಿಂಬಿನ ಚೀಲ, ಮತ್ತೊಂದು ದೊಡ್ಡದು... ಹೀಗೆ ಬೆರೆಸಿ ಹಾಕಿದ್ರೆ ಹೊಸೆಯಲ್ಲ. ಮೊದಲನೇ ವರ್ಷವೇ ಗೊತ್ತಾಯ್ತು ನನಗೆ. ಯಾರೂ ಕೇಳ್ಲಿಲ್ಲ.’

ಹಾಗೇ ಮಾಡಿ ನೋಡಿದೆವು. ಮಡಿಸುವವರಿಗೆ ಬಿಡಿಸುವ ಕೆಲಸವೇ ಇಲ್ಲ. ಮಧ್ಯಾಹ್ನಕ್ಕೇ ಮುಕ್ಕಾಲು ಮುಗಿಯಿತು.

ಈ ಪುಸ್ತಕದ ಹಿಂದಿನ ಪುಟದಲ್ಲಿ ಗೆರೆ ಎಳೆಯುತ್ತಿದ್ದೇನೆ. ನನ್ನ ಮೇಜಿಗೆ ಬಂದು ‘ಅಕ್ಕ, ಇದೇನು ಮಾಡೋಣ’ ಅಂದವರು ಒಂದು ಕಡೆ. ಗಾಜಿನ ಕೋಣೆಗೆ ಹೋದವರು ಇನ್ನೊಂದು ಕಡೆ. ಇವತ್ತು ನನಗೆ ಹನ್ನೊಂದು, ಅವನಿಗೆ ಎರಡು. ಆ ಎರಡರಲ್ಲಿ ಒಬ್ಬ ರಜೆ ಕೇಳಲು ಹೋದವನು.

ಫೆಬ್ರವರಿ 20, ಗುರುವಾರ. ಮಧ್ಯಾಹ್ನ, ಊಟದ ಹೊತ್ತು

ಇದನ್ನು ಬಿಸಿಬಿಸಿಯಾಗಿ ಬರೆಯಲೇಬೇಕು.

ಮ್ಯಾನೇಜರ್ ಬಂದಿದ್ದರು. ಹೊಸೆಯದ ಶೀಟು ನೋಡಿ ಖುಷಿ. ಬಿಳಿ ಶೂ ಕೈ ಕಟ್ಟಿಕೊಂಡು, ‘ಹೌದು ಸಾರ್, ನಾವು ಒಂದು ಹೊಸ ವಿಧಾನ...’ ಅಂತ ಶುರು ಮಾಡಿದ. ಆ ‘ನಾವು’ ಇನ್ನರ್ಧ ಗಂಟೆಯಲ್ಲಿ ‘ನಾನು’ ಆಗುತ್ತದೆ ಅಂತ ನನಗೆ ಗೊತ್ತಿಲ್ಲವೆ.

ಮೇಜು ಬಿಟ್ಟು ಮುಂದೆ ಹೋದೆ. ‘ಸಾರ್, ಇದು ಇವಳು ಕಂಡುಹಿಡಿದದ್ದು’ ಅಂತ ರೇಡಿಯೋ ಕೈ ಹಿಡಿದು ಎಳೆದು ನಿಲ್ಲಿಸಿದೆ. ಅವಳ ಪೂರ್ತಿ ಹೆಸರು ಹೇಳಿದೆ, ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ.

ಮ್ಯಾನೇಜರ್ ಅವಳಿಗೆ ಕೈ ಮುಗಿದರು. ರೇಡಿಯೋಗೆ ಮಾತೇ ಹೊರಡಲಿಲ್ಲ. ಆರು ವರ್ಷದಲ್ಲಿ ಮೊದಲ ಸಲ.

ಬಿಳಿ ಶೂ ಮುಖ ಸುಣ್ಣ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು ನನಗೆ. ರೇಡಿಯೋ ಮೇಲಿನ ಪ್ರೀತಿಗೆ ಮಾಡಿದ್ದಲ್ಲ ಅಂತ ಇಲ್ಲಿಯಾದರೂ ಒಪ್ಪಿಕೊಳ್ಳುತ್ತೇನೆ. ಅವನಿಗೆ ಚುಚ್ಚಲಿ ಅಂತಲೇ ಮಾಡಿದ್ದು. ಊಟಕ್ಕೆ ಬಂದರೆ ಅವಳು ನನ್ನ ಲೋಟ ತೊಳೆದು ಇಟ್ಟಿದ್ದಳು. ಬೇಡ ಅಂದರೂ ಕೇಳಲಿಲ್ಲ.

ಫೆಬ್ರವರಿ 27

ನನಗೆ ಹದಿನಾರು. ಅವನಿಗೆ ಸೊನ್ನೆ.

ಮಾರ್ಚ್ 3, ಸೋಮವಾರ. ಸಂಜೆ 5

ಚಪ್ಪಲಿ ಬಿಡದೆ ಬರೆಯಲು ಕೂತಿದ್ದೇನೆ. ಖುಷಿಗೆ.

ಥಿಯೇಟರಿಗೆ ಸಾವಿರದ ಇನ್ನೂರು ಹೊಸ ಶೀಟು ಬರುತ್ತಿದೆ. ಹಳೆಯದನ್ನೆಲ್ಲ ಒಂದೇ ಸಲ ತೆಗೆದುಹಾಕುತ್ತಾರೆ. ಹೊಸದಕ್ಕೆ ಮೂಲೆಯಲ್ಲಿ ಕೆಂಪು ಹೊಲಿಗೆ, ಹೊರಗಿನ ಟೈಲರ್ ಮಷಿನ್‌ನಲ್ಲಿ ಹಾಕಿ ಕೊಡುತ್ತಾನೆ. ಬಿಳಿ ಶೂ ನೂಲಿನ ಉಂಡೆ ತಂದು ತೋರಿಸಿದ. ಹತ್ತಿಯ ನೂಲು, ಕಡು ಕೆಂಪು.

ಅದನ್ನು ನೋಡಿದ ಕೂಡಲೇ ಗೊತ್ತಾಯಿತು. ನಾನು ಮೊದಲ ಸಲ ತಂದದ್ದೂ ಅದೇ ನೂಲು. ಎರಡು ಶೀಟು ಹೊಲಿದು ಮನೆಯಲ್ಲಿ ಬಿಸಿನೀರಿಗೆ ಹಾಕಿದರೆ ಬಕೆಟ್ ಪೂರ್ತಿ ಕೆಂಪು. ಆಮೇಲೆ ನೂಲನ್ನು ಹೊಲಿಯುವ ಮೊದಲೇ ಉಪ್ಪು, ಸೋಡಾ ಹಾಕಿ ಕುದಿಸಿದೆ. ನೀರು ಚೆಲ್ಲಿ ಮತ್ತೆ ಕುದಿಸಿದೆ. ನಾಲ್ಕನೆಯ ಸಲಕ್ಕೆ ನೀರು ತಿಳಿಯಾಯಿತು. ಆಮೇಲಷ್ಟೇ ಸೂಜಿಗೆ ಪೋಣಿಸಿದ್ದು. ಮನೆಯ ಒಲೆಯ ಮೇಲೆ ನಡೆದದ್ದು, ಲಾಂಡ್ರಿಯಲ್ಲಿ ಯಾರೂ ನೋಡಿಲ್ಲ. ಅವನು ಫೋಟೋ ತೆಗೆದದ್ದು ಹೊಲಿದ ಶೀಟನ್ನು. ಪಾತ್ರೆಯನ್ನಲ್ಲ.

ಥಿಯೇಟರ್ ಬಟ್ಟೆ ತೊಳೆಯುವುದು ಎಪ್ಪತ್ತೈದು ಡಿಗ್ರಿಯಲ್ಲಿ.

ಅವನು ಕೇಳಿದ. ಅದನ್ನೂ ಬರೆದಿಡಬೇಕು. ನನ್ನ ಮೇಜಿನ ಹತ್ತಿರ ಬಂದು, ದನಿ ತಗ್ಗಿಸಿ, ‘ಅಕ್ಕ, ಈ ನೂಲಿನ ವಿಷಯದಲ್ಲಿ ಬೇರೆ ಏನಾದ್ರೂ ನೋಡ್ಬೇಕಾ? ನೀವು ಆಗ ಏನಾದ್ರೂ ಮಾಡ್ತಿದ್ರಾ?’

ಏನೋ ಗುಮಾನಿ ಇತ್ತು ಅವನಿಗೆ. ಗುಮಾನಿ ಏನು, ಹೆದರಿಕೆ. ಕದ್ದ ವಸ್ತು ಹೇಗೆ ನಡೆಯುತ್ತದೆ ಅಂತ ಕದ್ದವನಿಗೆ ಹೇಗೆ ಗೊತ್ತಾಗಬೇಕು?

‘ಹೊಲೀತಿದ್ದೆ. ಅಷ್ಟೇ’ ಅಂದೆ.

‘ಬೇರೇನೂ ಇಲ್ವಾ?’

‘ಯೋಚನೆ ನಿಮ್ಮದು. ನನ್ನನ್ನ ಕೇಳ್ತೀರಲ್ಲ.’

ಕಿವಿ ಕೆಂಪಾಯಿತು. ತಿರುಗಿ ಹೋದ. ಅವನು ಸೂಪರ್‌ವೈಸರ್ ಆದ ದಿನದಿಂದ ‘ನೀವು’ ಅನ್ನುತ್ತೇನೆ. ಪ್ರತಿ ಸಲವೂ ಅವನ ಮುಖ ಹುಳ್ಳಗಾಗುತ್ತದೆ.

ಮಾರ್ಚ್ 4, ಮಂಗಳವಾರ

ಅತ್ತೆ ಕೇಳಿದರು, ‘ಏನೇ, ಬಹಳ ದಿನ ಆಯ್ತು, ನನ್ನ ಪಾತ್ರೆ ಹಾಳು ಮಾಡೋದು ಬಿಟ್ಟಿದೀಯಲ್ಲ. ನೂಲು ಕುದಿಸೋದಿಲ್ವಾ?’

‘ಈಗ ಬೇರೆಯವರು ನೋಡ್ಕೊಳ್ತಾರೆ’ ಅಂದೆ.

‘ಅವರಿಗೆ ಗೊತ್ತಾ ಕುದಿಸ್ಬೇಕು ಅಂತ?’

ಈ ಮುದುಕಿಗೆ ಎಲ್ಲ ಬೇಕು. ಉತ್ತರ ಕೊಡದೆ ಸ್ನಾನಕ್ಕೆ ಹೋದೆ.

ಮಾರ್ಚ್ 12, ಬುಧವಾರ

ಶೀಟು ಬಂತು. ಕಟ್ಟು ಕಟ್ಟಾಗಿ ಗೋಡೆಗೆ ಒರಗಿಸಿದ್ದಾರೆ. ಮೂಲೆಯಲ್ಲಿ ಕೆಂಪು ಹೊಲಿಗೆ, ಸಾಲಾಗಿ. ಚಂದ ಕಾಣುತ್ತದೆ, ಸುಳ್ಳು ಹೇಳಬಾರದು. ಸೋಮವಾರ ಮೊದಲ ತೊಳೆತ.

ಒಂದು ಸಲ ಕಟ್ಟಿನ ಮುಂದೆ ನಿಂತೆ. ಒಂದು ಮಾತು ಸಾಕಿತ್ತು. ಅವನು ಗಾಜಿನ ಹಿಂದೆ ಫೋನಿನಲ್ಲಿ ನಗುತ್ತಿದ್ದ. ಮೇಜಿಗೆ ವಾಪಸು ಬಂದೆ.

ಮಾರ್ಚ್ 17, ಸೋಮವಾರ. ಮಧ್ಯಾಹ್ನ 3

ಗುಲಾಬಿ.

ಆರು ಮಷಿನ್ ಬಾಗಿಲು ತೆರೆದರೆ ಆರರಲ್ಲೂ ಗುಲಾಬಿ. ಪೂರ್ತಿಯೂ ಅಲ್ಲ — ಮಚ್ಚೆ ಮಚ್ಚೆ. ಮೂಲೆಯಿಂದ ಹರಿದದ್ದು, ಒಂದರಿಂದ ಇನ್ನೊಂದಕ್ಕೆ ಅಂಟಿದ್ದು. ಮೊದಲು ಖಾಲಿಯಾದವಕ್ಕೆ ಆ ಕಡೆಯಿಂದ ಎರಡನೆಯ ಸುತ್ತು ಆಗಲೇ ತುಂಬಿಯಾಗಿತ್ತು, ಅದೂ ಹಾಳು. ಬ್ಲೀಚ್ ಹಾಕಿ ಮತ್ತೆ ತೊಳೆದರು. ಗುಲಾಬಿ ಹೋಗಿ ಮಾಸಲು ಕಂದು ಬಂತು.

ಬಿಳಿ ಶೂ ಒದ್ದೆ ಶೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಬಣ್ಣದ ನೀರು ಶೂ ಮೇಲೆ ತೊಟ್ಟಿಕ್ಕುತ್ತಿತ್ತು. ತಲೆ ಎತ್ತಿ, ಇಷ್ಟು ಜನರ ನಡುವೆ, ನನ್ನೊಬ್ಬಳನ್ನೇ ನೋಡಿದ.

ಗೊತ್ತಾಗಿದೆ ಅವನಿಗೆ. ನನ್ನ ಇನ್ನೂರು ಶೀಟು ಒಂದು ದಿನವೂ ಬಣ್ಣ ಬಿಟ್ಟಿಲ್ಲವಲ್ಲ. ಆದರೆ ಯಾರ ಹತ್ತಿರ ಹೇಳುತ್ತಾನೆ? ‘ಅಕ್ಕನಿಗೆ ಗೊತ್ತಿತ್ತು’ ಅಂತ ಹೇಳಬೇಕಾದರೆ, ಮೊದಲು ‘ಯೋಚನೆ ಅಕ್ಕನದು’ ಅಂತ ಹೇಳಬೇಕು. ಅವನ ಸುಳ್ಳೇ ಅವನ ಬಾಯಿಗೆ ಬೀಗ. ಕೀಲಿ ನನ್ನ ಹತ್ತಿರ.

ಇಂಥ ಸುಖ ನನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಮಾರ್ಚ್ 18, ಮಂಗಳವಾರ

ಥಿಯೇಟರ್ ಸಿಸ್ಟರ್ ಖುದ್ದಾಗಿ ಕೆಳಗೆ ಬಂದರು. ಕೈಯಲ್ಲಿ ಒಂದು ಶೀಟು. ‘ಇದು ರಕ್ತದ ಕಲೆಯೋ ನೂಲಿನ ಬಣ್ಣವೋ ಹೇಗ್ರೀ ಹೇಳೋದು ನಾನು? ಇದನ್ನ ಹಾಸಿ ಮನುಷ್ಯರನ್ನ ಕೊಯ್ಯೋದಾ?’

ಹಳೆಯ ಶೀಟು ಗೋದಾಮಿನಿಂದ ಬರುವುದು ನಾಳೆ. ಇವತ್ತಿನ ಒಂಬತ್ತು ಆಪರೇಷನ್ ಮುಂದಕ್ಕೆ ಹೋಯಿತು. ತುರ್ತಿನದ್ದು ಯಾವುದೂ ಇರಲಿಲ್ಲವಂತೆ. ಇರಲಿಲ್ಲ ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಮೆಟ್ಟಿಲ ಹತ್ತಿರ ಒಬ್ಬ ಹೆಂಗಸು ಕೂತಿದ್ದಳು. ಗಂಡನನ್ನ ನಿನ್ನೆಯಿಂದ ಉಪವಾಸ ಇಟ್ಟಿದ್ದಾರೆ, ಈಗ ಆಪರೇಷನ್ ಇಲ್ಲ ಅಂತಾರೆ ಅಂತ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದಳು. ಬೇರೆ ಮೆಟ್ಟಿಲಿನಿಂದ ಇಳಿದು ಬಂದೆ.

ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ. ನಾನು ಯೋಚಿಸಿದ್ದು ಬರೀ ಅವನ ಮುಖ.

ಮಾರ್ಚ್ 19, ಬುಧವಾರ. ಸಂಜೆ

ನಾಯಿ. ಅಲ್ಲ, ನಾಯಿಗೆ ನಿಯತ್ತಿದೆ.

ವಿಚಾರಣೆಯಲ್ಲಿ ಬಿಳಿ ಶೂ ಹೇಳಿದ್ದು — ನೂಲು ಸರಿಯಾಗೇ ಇತ್ತು, ತೊಳೆಯುವಾಗ ಕೊಳೆ ಕಡೆಯಿಂದ ಬೇರೆ ಯಾವುದೋ ಕೆಂಪು ಬಟ್ಟೆ ಸೇರಿರಬೇಕು. ಮಷಿನ್ ತುಂಬಿದ್ದಕ್ಕೆ ಬರೆಯುವ ಚೀಟಿಯಲ್ಲಿ ಸಹಿ ಯಾರದು? ರೇಡಿಯೋದು. ಆರೂ ಮಷಿನ್.

‘ಆರರಲ್ಲೂ ಕೆಂಪು ಬಟ್ಟೆ ಸೇರುತ್ತಾ?’ ಅಂತ ಬಾಯ್ಲರ್ ತಾತ ಕೇಳಿದನಂತೆ. ‘ನಿನ್ನ ಬಾಯ್ಲರ್ ನೋಡ್ಕೋ’ ಅಂದರಂತೆ ಮ್ಯಾನೇಜರ್. ಅವರಿಗೆ ಬೇಗ ಮುಗಿಯಬೇಕು. ಕಾಂಟ್ರ್ಯಾಕ್ಟಿನವಳ ತಲೆಗೆ ಕಟ್ಟಿದರೆ ಅತಿ ಬೇಗ ಮುಗಿಯುತ್ತದೆ.

ರೇಡಿಯೋ ಪರ್ಮನೆಂಟ್ ಕಾಗದ ತಡೆದಿದ್ದಾರೆ. 31ಕ್ಕೆ ಕಾಂಟ್ರ್ಯಾಕ್ಟೂ ಮುಗಿಯುತ್ತದೆ. ಮುಂದುವರಿಸುವುದಿಲ್ಲ.

ಮಾರ್ಚ್ 21, ಶುಕ್ರವಾರ

ಮ್ಯಾನೇಜರ್ ಕರೆಸಿದರು. ಚಹಾ ಕೊಟ್ಟರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಚಹಾ.

‘ಇಷ್ಟು ದಿನ ಕೆಳಗಡೆ ನಿಜವಾಗಿ ಕೆಲಸ ನಡೆಸ್ತಿರೋದು ಯಾರು ಅಂತ ನನಗೂ ಗೊತ್ತಾಗಿದೆಯಮ್ಮ. ಅವನ ಕೈಲಿ ಆಗ್ತಿಲ್ಲ. ತಿಂಗಳ ಕೊನೆಗೆ ಬದಲಾಯಿಸೋಣ ಅಂತಿದೀನಿ. ನೀವು ನೋಡ್ಕೊಳ್ತೀರಾ?’

ನೋಡಿಕೊಳ್ಳುತ್ತೇನೆ ಅಂದೆ. ರೇಡಿಯೋ ವಿಷಯ ಎತ್ತಿದೆ. ‘ಅದು ಬೇರೆ. ಅದು ಮುಗಿದ ಕತೆ’ ಅಂದರು.

ಗಾಜಿನ ಕೋಣೆಯ ಮುಂದೆ ಹಾದು ಬಂದೆ. ಬಿಳಿ ಶೂ ತಲೆ ಬಗ್ಗಿಸಿ ಕೂತಿದ್ದ. ಅಲ್ಲೇ ನಿಂತು ಕಣ್ತುಂಬ ನೋಡಬೇಕು ಅಂತ ಎಷ್ಟು ದಿನದಿಂದ ಅಂದುಕೊಂಡಿದ್ದೆ. ಎರಡು ನಿಮಿಷವೂ ನಿಲ್ಲಲಾಗಲಿಲ್ಲ. ರೋಲರಿನ ಹತ್ತಿರ ಯಾರೋ ಕರೆದರು ಅಂತ ನೆಪ ಮಾಡಿಕೊಂಡು ಬಂದೆ. ಯಾರೂ ಕರೆದಿರಲಿಲ್ಲ.

ಮಾರ್ಚ್ 25, ಮಂಗಳವಾರ

ಮೂರು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇಲ್ಲ ಅಂದುಕೊಂಡೆ. ಇತ್ತು.

ರೇಡಿಯೋ ಮಾತಾಡುತ್ತಿಲ್ಲ. ಮಷಿನ್ ತುಂಬುತ್ತಾಳೆ, ಒಂದು ದೊಡ್ಡದು, ಎರಡು ದಿಂಬಿನ ಚೀಲ, ಮತ್ತೊಂದು ದೊಡ್ಡದು. ಬಾಯಿ ತೆರೆಯುವುದಿಲ್ಲ. ಲಾಂಡ್ರಿಯಲ್ಲಿ ಮೊದಲ ಸಲ ಮಷಿನ್ ಸದ್ದು ಕೇಳುತ್ತಿದೆ ಅಂತ ತಾತ ಅಂದ. ಯಾರೂ ನಗಲಿಲ್ಲ.

ಇವತ್ತು ಸಂಜೆ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ನನ್ನ ಪಕ್ಕ ಬಂದು ಕೂತಳು.

‘ಅಕ್ಕ, ನಿಮ್ಮನ್ನ ಒಂದು ಮಾತು ಕೇಳ್ಲಾ? ನಾನೇ ಏನಾದ್ರೂ ಹಾಕಿಬಿಟ್ನಾ? ನನಗೇ ಗೊತ್ತಾಗದ ಹಾಗೆ?’

‘ಇಲ್ಲ ಕಣೇ.’

‘ಅದ್ಹೇಗೆ ಅಷ್ಟು ಖಡಾಖಂಡಿತ ಹೇಳ್ತೀರಾ? ನಾನು ದಿನಾ ಕೂತು ನೆನಪು ಮಾಡ್ಕೊಳ್ತೀನಿ. ಒಂದೊಂದೇ ಮಷಿನ್. ಕೆಂಪು ಬಟ್ಟೆ ಕಂಡ ನೆನಪೇ ಇಲ್ಲ. ಆದ್ರೂ ಎಲ್ಲರೂ ಹೇಳ್ತಾರಲ್ಲ... ನನ್ನ ಬಾಯಿ ಜಾಸ್ತಿ, ಮಾತಾಡ್ತಾ ಗಮನ ಹೋಗಿರ್ಬೇಕು. ಅದಕ್ಕೇ ಬಾಯಿ ಮುಚ್ಚಿದೀನಿ.’

ನಾನು ಚಪ್ಪಲಿ ಹಾಕಿಕೊಳ್ಳಲು ಬಗ್ಗಿದೆ.

‘ದೊಡ್ಡವಳಿಗೆ ಹೇಳಿಬಿಟ್ಟಿದ್ದೆ, ಅಮ್ಮ ಪರ್ಮನೆಂಟ್ ಆಗ್ತಾಳೆ ಅಂತ. ಹೋಗ್ಲಿ ಬಿಡಿ. ಆರು ವರ್ಷದಲ್ಲಿ ನೀವೊಬ್ಬರೇ ಅಕ್ಕ, ನನ್ನ ಹೆಸರು ಎಲ್ಲರ ಮುಂದೆ ಹೇಳಿದ್ದು. ಅದನ್ನ ಮರೆಯಲ್ಲ ನಾನು.’

ಎದ್ದು ಹೋದಳು. ನಾನು ಅಲ್ಲೇ ಕೂತಿದ್ದೆ. ಬೆಂಚಿನ ಮೇಲೆ, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದು ಬರಿಗಾಲು.

ಮಾರ್ಚ್ 26, ಬುಧವಾರ

ಅವನೇ ಹೇಳಲಿ. ಸುಳ್ಳು ಹೇಳಿದವನು ಅವನು. ಅವಳ ತಲೆಗೆ ಕಟ್ಟಿದವನು ಅವನು. ನಾನೇನು ಮಾಡಿದೆ? ಏನೂ ಮಾಡಲಿಲ್ಲ.

ಏನೂ ಮಾಡಲಿಲ್ಲ. ಇಡೀ ದಿನ ಇದನ್ನೇ ಹೇಳಿಕೊಂಡೆ.

ಮಾರ್ಚ್ 27, ಗುರುವಾರ. ರಾತ್ರಿ 10

ಅತ್ತೆಗೆ ಎಲ್ಲ ಹೇಳಿದೆ. ಯಾಕೆ ಹೇಳಿದೆನೋ. ತರಕಾರಿ ಹೆಚ್ಚುತ್ತಾ ಕೇಳಿಸಿಕೊಂಡರು.

‘ಅವನನ್ನ ಹೊಡೀಬೇಕು ಅಂತಿದ್ರೆ ಅವನನ್ನೇ ಹೊಡೀಬೇಕಿತ್ತು’ ಅಂದರು. ‘ಆ ಹೆಂಗಸನ್ನ ಯಾಕೆ ಮಧ್ಯೆ ತಂದೆ?’

‘ನಾನೆಲ್ಲಿ ತಂದೆ? ಅವನು ತಂದದ್ದು.’

‘ಸರಿ ಬಿಡು. ಅವನು ತಂದ. ನೀನು ನೋಡ್ತಾ ಕೂತಿದೀಯಾ.’

ಎಂಥ ಬಾಯಿ ಇದು. ಇಪ್ಪತ್ತೆರಡು ವರ್ಷದಿಂದ ಸಹಿಸಿಕೊಂಡಿದ್ದೇನೆ.

ಆದರೆ ಯೋಚನೆ ಮಾಡಿದೆ. ನಾಳೆ ಬೆಳಿಗ್ಗೆ ಮ್ಯಾನೇಜರ್ ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟರೆ? ಹೊಲಿಗೆ ನನ್ನದು, ಅವನು ಕದ್ದ, ನೂಲು ಕುದಿಸಬೇಕಿತ್ತು, ನಾನು ಹೇಳಲಿಲ್ಲ. ರೇಡಿಯೋ ಉಳಿಯುತ್ತಾಳೆ. ನನ್ನ ಕುರ್ಚಿ ಹೋಗುತ್ತದೆ, ಇರುವ ಕೆಲಸವೂ ಹೋಗಬಹುದು. ಆದರೆ ಅವನು! ಕಳ್ಳ ಅಂತ ಎಲ್ಲರ ಮುಂದೆ ಬಯಲಾಗುತ್ತಾನೆ. ಮ್ಯಾನೇಜರ್ ಮುಂದೆ ಒಣಗಿದ ಬಾಯಿ ಒದ್ದೆ ಮಾಡಿಕೊಳ್ಳುತ್ತಾ ನಿಂತಿರುತ್ತಾನೆ, ನಾನು ಹೇಳುತ್ತಾ ಹೋಗುತ್ತೇನೆ, ಒಂದೊಂದೇ. ನಾನು ಬಿದ್ದರೂ ಸರಿ. ಅವನ ಕಾಲರ್ ಹಿಡಿದುಕೊಂಡೇ ಬೀಳುತ್ತೇನೆ.

ಹೀಗೆ ಅಂದುಕೊಂಡ ಮೇಲೆ ಹಗುರಾಯಿತು. ಹೊಟ್ಟೆ ತುಂಬ ಊಟ ಮಾಡಿದೆ.

ಮಾರ್ಚ್ 28, ಶುಕ್ರವಾರ. ಬೆಳಿಗ್ಗೆ 8:40

ಮ್ಯಾನೇಜರ್ ಕೋಣೆಯ ಹೊರಗಿನ ಬೆಂಚು. ಒಳಗೆ ಯಾರೋ ಇದ್ದಾರೆ, ಕಾಯಿ ಅಂದ ಪ್ಯೂನ್. ಏನು ಹೇಳಬೇಕು ಅಂತ ಸಾಲಾಗಿ ಬರೆದುಕೊಳ್ಳೋಣ ಅಂತ ಪುಸ್ತಕ ತೆಗೆದೆ. ಮೊದಲು ಕಳ್ಳತನ. ಆಮೇಲೆ ಅವನು ವಿಚಾರಣೆಯಲ್ಲಿ ಹೇಳಿದ ಸುಳ್ಳು. ನೂಲಿನ ವಿಷಯ ಕೊನೆಗೆ, ಚಿಕ್ಕದಾಗಿ.

8:55

ಒಳಗಿದ್ದದ್ದು ಅವನು.

ಬಾಗಿಲು ತೆಗೆದು ಬಂದ. ನನ್ನನ್ನು ನೋಡಿ ನಿಂತ. ಕಣ್ಣು ಊದಿಕೊಂಡಿತ್ತು. ಬೆಂಚಿನ ಆ ತುದಿಯಲ್ಲಿ ಕೂತ.

‘ಹೇಳಿಬಿಟ್ಟೆ ಅಕ್ಕ’ ಅಂದ. ‘ಹೊಲಿಗೆ ನಿಮ್ಮದು ಅಂತ. ನಾನು ಕದ್ದೆ ಅಂತ. ಕೆಂಪು ಬಟ್ಟೆ ಸುಳ್ಳು ಅಂತಾನೂ ಹೇಳಿದೆ. ಅವಳ ಮಗಳು ನಿನ್ನೆ ಗೇಟ್ ಹತ್ತಿರ ನಿಂತಿದ್ಲು, ಅಮ್ಮನಿಗೆ ಕಾಯ್ತಾ. ನನಗೆ ನಮಸ್ಕಾರ ಅಂಕಲ್ ಅಂದ್ಲು.’

ಶೂ ಮೇಲಿನ ಕಲೆಯನ್ನು ಬೆರಳಿನಿಂದ ಉಜ್ಜಿದ.

‘ಅವಳ ಕಾಗದ ಇವತ್ತೇ ಕೊಡ್ತಾರಂತೆ. ನಾನು ಇವತ್ತೇ ಹೋಗ್ಬೇಕು.’

‘ನಾನು ನಿನಗೆ ಹೇಳ್ಲಿಲ್ಲ ಅನ್ನೋದು?’ ಅಂದೆ. ‘ನೀನು’ ಅಂತ ಬಾಯಿಂದ ತಾನೇ ಬಂತು.

‘ಅದೇನೂ ಹೇಳ್ಲಿಲ್ಲ. ನೂಲಿನ ಬಗ್ಗೆ ನಿಮ್ಮನ್ನ ಕೇಳಿದ್ಯಾ ಅಂದ್ರು ಸಾರ್. ಕೇಳಲೇ ಇಲ್ಲ, ನನ್ನ ಗರ್ವ, ಕೇಳಿದ್ರೆ ಹೇಳ್ತಿದ್ರು ಅಂದೆ.’ ಮೂಗು ಒರೆಸಿಕೊಂಡ. ‘ಮುಂದೆ ಕೆಳಗಡೆ ನಡೆಸೋರು ಯಾರಾದ್ರೂ ಬೇಕಲ್ಲ ಅಕ್ಕ. ಜನ ನಿಮ್ಮ ಮಾತು ಕೇಳ್ತಾರೆ.’

ಎದ್ದು ಹೋದ. ಮೆಟ್ಟಿಲಿಳಿಯುವ ಸದ್ದು ಕೊನೆಯವರೆಗೂ ಕೇಳಿಸಿತು.

ಬೆಂಕಿ ಬಿದ್ದಿದೆ ಮೈಗೆ. ಯಾರು ಕೇಳಿದ್ದರು ಇವನ ದಯೆ? ಒಂಬತ್ತು ವರ್ಷ ನನ್ನಿಂದ ಕಲಿತ, ನನ್ನ ಕೆಲಸ ಕದ್ದ, ಈಗ ನಾನು ಹೊರಬೇಕಾದ್ದನ್ನೂ ತಾನೇ ಹೊತ್ತುಕೊಂಡು ಹೊರಟ. ಯಾರನ್ನು ಹಿಡಿದುಕೊಂಡು ಬೀಳಲಿ ನಾನೀಗ? ಅವನು ಆಗಲೇ ಬಿದ್ದಾಗಿದೆ, ತಾನಾಗಿ. ರೇಡಿಯೋ ಉಳಿದಾಗಿದೆ. ಒಳಗೆ ಹೋಗಿ ಚಹಾ ಕುಡಿದು ಕುರ್ಚಿ ತೆಗೆದುಕೊಂಡು ಬಂದರೆ ಕೇಳುವವರಿಲ್ಲ. ಕೆಳಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ರೇಡಿಯೋ ಎಲ್ಲರಿಗಿಂತ ಜೋರಾಗಿ.

ನಾಳೆ ಬೆಳಿಗ್ಗೆ ಆರೂ ಮುಕ್ಕಾಲಿಗೆ ಬರುತ್ತೇನೆ. ಅವಳೂ ಬರುತ್ತಾಳೆ. ‘ಅಕ್ಕ, ಕೊನೆಗೂ ನಾನಲ್ಲ ಅಂತ ಗೊತ್ತಾಯ್ತು’ ಅನ್ನುತ್ತಾಳೆ. ನಾನು ಏನನ್ನಲಿ?

9:05

ಪ್ಯೂನ್ ಕರೆದ. ಮೇಲೆ ಬರೆದ ಸಾಲುಗಳನ್ನೆಲ್ಲ ಹೊಡೆದು ಹಾಕಿದೆ. ಬಾಯಿಗೆ ಬರದೆ ಹೋದರೆ ಇದನ್ನೇ ಅವರ ಮುಂದೆ ಇಟ್ಟು ಓದಿಸುತ್ತೇನೆ —

ಸಾರ್, ನೂಲು ಬಣ್ಣ ಬಿಡುತ್ತದೆ ಅಂತ ನನಗೆ ಗೊತ್ತಿತ್ತು. ಮಾರ್ಚ್ 3ರಂದು ಅವನು ನನ್ನ ಮೇಜಿಗೆ ಬಂದು ಕೇಳಿದ್ದ. ಎರಡು ಸಲ ಕೇಳಿದ್ದ. ನಾನು ಬೇಕೆಂದೇ ಹೇಳಲಿಲ್ಲ.